ಹಳೆಯ ಅನಲಾಗ್ ಸಿಂಥ್‌ನ ನಾದ: ಕಟ್ಟುವುದಕ್ಕೂ ಕಾಪಾಡುವುದಕ್ಕೂ ನಾನು ಅನುಸರಿಸುವ ಕ್ರಮ

1982ರ ರೋಲ್ಯಾಂಡ್ ಜೂನೋ-60 ಎಂಬ ಸಿಂಥ್‌ನಲ್ಲಿ (ವಿದ್ಯುತ್ ಸರ್ಕ್ಯೂಟ್‌ನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಒಂದು ವಾಯ್ಸ್‌ಗೆ, ಅಂದರೆ ಒಂದು ಸ್ವರ ನುಡಿಸುವ ಸರ್ಕ್ಯೂಟ್‌ಗೆ, ಒಂದೇ ಆಸಿಲೇಟರ್ (ಮೂಲ ಅಲೆ ಹುಟ್ಟಿಸುವ ಭಾಗ). ಅದರ ಶ್ರುತಿಯನ್ನು ಡಿಜಿಟಲ್ ಕ್ಲಾಕ್ ಹಿಡಿದಿಟ್ಟಿರುವುದರಿಂದ ಅದು ಅಲುಗಾಡುವುದೂ ಇಲ್ಲ. ಆದರೂ ಅದರ ಪ್ಯಾಡ್ (ಮೆಲ್ಲಗೆ ತುಂಬಿಕೊಳ್ಳುವ ಉದ್ದನೆಯ ಸದ್ದು) ಕೋಣೆ ತುಂಬ ಹರಡಿಕೊಳ್ಳುತ್ತದೆ. ಅದು ಕೊನೆಯಲ್ಲಿ ಕೂತಿರುವ ಕೋರಸ್‌ನ (ಸದ್ದಿಗೆ ಅದರದ್ದೇ ತುಸು ತಡವಾದ ಪ್ರತಿಗಳನ್ನು ಬೆರೆಸುವ ಸರ್ಕ್ಯೂಟ್) ಕೆಲಸ. 1978ರ ಪ್ರಾಫೆಟ್-5ರಲ್ಲಿ ಕೋರಸ್ಸೇ ಇಲ್ಲ. ಐದು ವಾಯ್ಸ್‌ಗೆ ಹತ್ತು ಆಸಿಲೇಟರ್‌ಗಳಿವೆ, ಅವು ಒಂದಕ್ಕೊಂದು ಪೂರ್ತಿ ಒಪ್ಪುವುದಿಲ್ಲ, ಆ ಒಪ್ಪದಿರುವಿಕೆಯೇ ಅದರ ಜೀವ. ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ. ಮೂರು ಆಸಿಲೇಟರ್‌ಗಳು ಮಿಕ್ಸರ್‌ನಿಂದ ಫಿಲ್ಟರ್‌ಗೆ (ಮೇಲಿನ ಆವೃತ್ತಿಗಳನ್ನು ಕತ್ತರಿಸುವ ಭಾಗ) ಒತ್ತಿಕೊಂಡು ನುಗ್ಗುವ ಜಾಗದಲ್ಲಿ ಅದರ ತೂಕ ಹುಟ್ಟುತ್ತದೆ. ಮೂರೂ ಅನಲಾಗ್, ಮೂರರ ಗುಟ್ಟೂ ಬೇರೆ ಬೇರೆ ಕಡೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಪ್ಯಾಚ್ (ಒಂದು ಸದ್ದಿನ ಪೂರ್ತಿ ಹೊಂದಿಕೆ) ಕಟ್ಟುವ ಮೊದಲು ಈ ಮೂರರಲ್ಲಿ ಯಾವುದು ಬೇಕು ಎಂದು ನಿರ್ಧರಿಸುತ್ತೇನೆ. ಮೂರನ್ನೂ ಒಟ್ಟಿಗೆ ಸುರಿದರೆ ಬರೀ ಮಸುಕು ಉಳಿಯುತ್ತದೆ.

ಮೊದಲ ಕೆಲಸ ಆಸಿಲೇಟರ್‌ನದು. ಎರಡು ಸಾ-ಟೂತ್ (ಗರಗಸದ ಹಲ್ಲಿನ ಆಕಾರದ) ಅಲೆಗಳನ್ನು ತುಸು ಡಿಟ್ಯೂನ್ ಮಾಡಿದಾಗ, ಅಂದರೆ ಶ್ರುತಿಯಲ್ಲಿ ಬೇರ್ಪಡಿಸಿದಾಗ, ನಾವು ಕೇಳುವುದು ಅವುಗಳ ಆವೃತ್ತಿಯ ವ್ಯತ್ಯಾಸದಷ್ಟು ವೇಗದ ಏರಿಳಿತ. 440 ಹರ್ಟ್ಸ್‌ನಲ್ಲಿ 5 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಎಂದರೆ ಸುಮಾರು 1.27 ಹರ್ಟ್ಸ್, ಇಂಪಾಗಿರುತ್ತದೆ. ಅದೇ 5 ಸೆಂಟ್ 55 ಹರ್ಟ್ಸ್‌ನ ಬೇಸ್ ಸ್ವರದಲ್ಲಿ 0.16 ಹರ್ಟ್ಸ್ ಮಾತ್ರ: ಒಂದು ಸುತ್ತಿಗೆ ಆರು ಸೆಕೆಂಡಿಗೂ ಹೆಚ್ಚು. ಆ ಸುತ್ತಿನ ನಡುವೆ ಎರಡೂ ಅಲೆಗಳ ಮೂಲ ಆವೃತ್ತಿ ಎದುರುಬದುರಾಗಿ ಒಂದನ್ನೊಂದು ಅಳಿಸಿಹಾಕುತ್ತವೆ, ಸೆಕೆಂಡುಗಟ್ಟಲೆ ಬೇಸ್‌ಗೆ ಬುಡವೇ ಇರುವುದಿಲ್ಲ. ಒಂದು ಸ್ವರ ಗಟ್ಟಿ, ಮುಂದಿನದು ಟೊಳ್ಳು ಎಂದು ಕೇಳಿಸಿದರೆ ಕಾರಣ ಬಹುಪಾಲು ಇದೇ. ಜನ ಇದಕ್ಕೆ ಕಂಪ್ರೆಸರ್ (ಸದ್ದಿನ ಏರುಪೇರನ್ನು ಸಮಗೊಳಿಸುವ ಸಾಧನ) ಹಾಕುತ್ತಾರೆ. ಇಲ್ಲದ ಆವೃತ್ತಿಯನ್ನು ಕಂಪ್ರೆಸರ್ ತಂದುಕೊಡುವುದಿಲ್ಲ.

ಬೇಸ್‌ನಲ್ಲಿ ನಾನು ಎರಡನೆಯ ಆಸಿಲೇಟರ್ ಅನ್ನು ಒಂದು ಸ್ಥಾಯಿ ಮೇಲೆ ಇಡುತ್ತೇನೆ. ಅದೇ ಸ್ಥಾಯಿಯಲ್ಲೇ ಬೇಕೆಂದರೆ ಅದರ ಮಟ್ಟವನ್ನು ಮೊದಲನೆಯದರ ಶೇ. 60ಕ್ಕೆ ಇಳಿಸುತ್ತೇನೆ: ಆಗ ಮೂಲ ಆವೃತ್ತಿ ಅಲುಗುತ್ತದೆ, ಮಾಯವಾಗುವುದಿಲ್ಲ. ಮೂರನೆಯ ದಾರಿ ಹರ್ಟ್ಸ್ ಲೆಕ್ಕದ ಡಿಟ್ಯೂನ್. 0.5 ಹರ್ಟ್ಸ್ ಎಂದು ಕೊಟ್ಟರೆ 55 ಹರ್ಟ್ಸ್‌ನಲ್ಲಿ ಅದು 16 ಸೆಂಟ್‌ನಷ್ಟು, 440ರಲ್ಲಿ 2 ಸೆಂಟ್‌ನಷ್ಟು. ಮಂದ್ರದಿಂದ ತಾರಸ್ಥಾಯಿಯವರೆಗೂ ಏರಿಳಿತದ ವೇಗ ಒಂದೇ. ಕೀಬೋರ್ಡಿನ ಉದ್ದಕ್ಕೂ ನುಡಿಸುವ ಸ್ಟ್ರಿಂಗ್ಸ್ ಪ್ಯಾಚ್‌ಗೆ ಇದು ನನಗೆ ಅತಿ ಇಷ್ಟ, ಆದರೆ ಈ ಆಯ್ಕೆ ಎಲ್ಲ ಸಿಂಥ್‌ಗಳಲ್ಲೂ ಇರುವುದಿಲ್ಲ.

ಇನ್ನು ಪ್ರಾಫೆಟ್ ಬಗೆಯ ಅಸಮತೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಒಂದೇ ಎಲ್‌ಎಫ್‌ಓ (ಬೇರೆ ಭಾಗಗಳನ್ನು ನಿಧಾನವಾಗಿ ಅಲುಗಿಸುವ ಆಸಿಲೇಟರ್) ತೆಗೆದುಕೊಂಡು ಎಲ್ಲ ವಾಯ್ಸ್‌ಗಳ ಶ್ರುತಿಗೂ ಕಟ್ಟುವುದು. ಆಗ ಇಡೀ ಕಾರ್ಡ್ (ಕೂಡಿಸಿ ನುಡಿಸಿದ ಸ್ವರಗಳ ಗುಂಪು) ಒಟ್ಟಿಗೆ ಮೇಲೆ ಕೆಳಗೆ ತೇಲಿ, ಹಿಗ್ಗಿದ ಕ್ಯಾಸೆಟ್‌ನ ಸದ್ದಾಗುತ್ತದೆ. ಹಳೆಯ ಯಂತ್ರದಲ್ಲಿ ಪ್ರತಿ ವಾಯ್ಸ್‌ನ ಸರ್ಕ್ಯೂಟ್ ಬೇರೆ, ಅದರ ಓರೆಕೋರೆಯೂ ಅದರದ್ದೇ, ಮತ್ತು ಆ ಓರೆಕೋರೆ ಸ್ಥಿರ. ಮೂರನೆಯ ವಾಯ್ಸ್‌ನ ಫಿಲ್ಟರ್ ತುಸು ಮಂಕಾಗಿದ್ದರೆ ಪ್ರತಿ ಸಲವೂ ಮಂಕೇ. ಆದ್ದರಿಂದ ನೋಟ್‌ಗೊಂದು ರ್‍ಯಾಂಡಮ್ ಬೆಲೆ ಕೊಡುವುದಕ್ಕಿಂತ ವಾಯ್ಸ್ ಸಂಖ್ಯೆಯನ್ನೇ ಮಾಡ್ಯುಲೇಶನ್ (ಉಳಿದ ಬೆಲೆಗಳನ್ನು ಬದಲಿಸುವಿಕೆ) ಮೂಲವಾಗಿ ಬಳಸುತ್ತೇನೆ. ಆರು ವಾಯ್ಸ್‌ಗೆ ಶ್ರುತಿಯಲ್ಲಿ 2ರಿಂದ 4 ಸೆಂಟ್ ಆಚೀಚೆ, ಕಟಾಫ್‌ನಲ್ಲಿ (ಫಿಲ್ಟರ್ ಕತ್ತರಿಸಲು ತೊಡಗುವ ಆವೃತ್ತಿ) ಶೇ. 2–3, ಎನ್ವಲಪ್ (ಸ್ವರ ಏರಿ ಇಳಿಯುವ ಆಕಾರ) ಕಾಲದಲ್ಲಿ ಶೇ. 5. ವಾಯ್ಸ್ ಹಂಚಿಕೆ ಸರದಿಯ ಪ್ರಕಾರ ಇರಲಿ. ಅದೇ ಕೀಯನ್ನು ಮತ್ತೆ ಮತ್ತೆ ಒತ್ತಿದರೂ ಪ್ರತಿ ಸಲ ಬೇರೆ ವಾಯ್ಸ್ ನುಡಿಯುತ್ತದೆ. ಇದರ ಮೇಲೆ, ಬೇಕಿದ್ದರೆ ಮಾತ್ರ, ಪ್ರತಿ ಆಸಿಲೇಟರ್‌ಗೂ ಪ್ರತ್ಯೇಕವಾದ, ನಯಗೊಳಿಸಿದ ರ್‍ಯಾಂಡಮ್ ಎಲ್‌ಎಫ್‌ಓ: 0.05ರಿಂದ 0.1 ಹರ್ಟ್ಸ್, ಒಂದೆರಡು ಸೆಂಟ್. ಆಸಿಲೇಟರ್‌ನ ಫೇಸ್ ರೀಸೆಟ್ (ಪ್ರತಿ ನೋಟ್‌ಗೂ ಅಲೆಯನ್ನು ಒಂದೇ ಬಿಂದುವಿನಿಂದ ಶುರುಮಾಡುವುದು) ಆಫ್ ಆಗಿರಬೇಕು, ಇಲ್ಲದಿದ್ದರೆ ಪ್ರತಿ ನೋಟ್‌ನ ಆರಂಭವೂ ಅಚ್ಚೊತ್ತಿದಂತೆ ಒಂದೇ ಆಗಿರುತ್ತದೆ. ಒಂಬತ್ತು–ಹತ್ತು ಸೆಂಟ್‌ವರೆಗೆ ಎಳೆದ 'ವಿಂಟೇಜ್' ಪ್ರೀಸೆಟ್‌ಗಳನ್ನು ನಾನು ಹಿಂದೆಮುಂದೆ ನೋಡದೆ ಇಳಿಸುತ್ತೇನೆ. ಸರ್ವಿಸ್ ಆಗಿ ಶ್ರುತಿಗೊಂಡ ಪ್ರಾಫೆಟ್ ಅಷ್ಟು ಅಪಶ್ರುತಿಯಲ್ಲಿ ಇರುವುದಿಲ್ಲ.

ಸಾಫ್ಟ್‌ವೇರ್ ಆಸಿಲೇಟರ್ ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಫಿಲ್ಟರ್ ಪೂರ್ತಿ ತೆರೆದು, ಸಾ-ಟೂತ್ ಒಂದನ್ನೇ ಇಟ್ಟು, ಪಿಚ್ ಅನ್ನು ನಿಧಾನವಾಗಿ ಮೇಲಿನ ಸ್ಥಾಯಿಗೆ ಜಾರಿಸಿ. ಸ್ವರ ಮೇಲೇರುತ್ತಿರುವಾಗ ಹಿನ್ನೆಲೆಯಲ್ಲಿ ಏನಾದರೂ ಕೆಳಗಿಳಿಯುತ್ತಿದ್ದರೆ ಅದು ಏಲಿಯಾಸಿಂಗ್. 44,100 ಹರ್ಟ್ಸ್ ಸ್ಯಾಂಪಲ್ ದರದಲ್ಲಿ 2,093 ಹರ್ಟ್ಸ್‌ನ ಸ್ವರಕ್ಕೆ 20ನೇ ಹಾರ್ಮೋನಿಕ್ (ಮೂಲ ಆವೃತ್ತಿಯ 20 ಪಟ್ಟು) 41,860ರಲ್ಲಿ ಬೀಳಬೇಕು; ಸ್ಯಾಂಪಲ್ ದರದ ಅರ್ಧಕ್ಕಿಂತ ಮೇಲೆ ಜಾಗವಿಲ್ಲದೆ ಮಡಚಿಕೊಂಡು 2,240 ಹರ್ಟ್ಸ್‌ಗೆ ಬಂದು ಮೂಲಸ್ವರದ ಪಕ್ಕದಲ್ಲೇ ಕೂರುತ್ತದೆ. ಅದಕ್ಕೆ ಯಾವ ಸ್ವರಸಂಬಂಧವೂ ಇಲ್ಲ. ಗಾಜು ಕೆರೆದಂಥ ಆ ಒರಟನ್ನು ಆಮೇಲೆ ಇಕ್ಯೂನಿಂದ (ಆವೃತ್ತಿಗಳ ಮಟ್ಟ ತಿದ್ದುವ ಸಾಧನ) ತೆಗೆಯಲಾಗದು. ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಹಾಕುವುದು) ನಾಲ್ಕು ಪಟ್ಟು ಮಾಡಿ ನೋಡಬೇಕು, ಆಗಲೂ ಹೋಗದಿದ್ದರೆ ಬೇರೆ ಆಸಿಲೇಟರ್.

ಮಿನಿಮೂಗ್ ಬಗೆಯ ತೂಕಕ್ಕೆ ಸ್ಯಾಚುರೇಶನ್ (ಸದ್ದನ್ನು ಮಿತಿಗೆ ಒತ್ತಿ ಅಲೆಯ ತುದಿ ಮೊಂಡಾಗಿಸುವುದು) ಫಿಲ್ಟರ್‌ಗೆ ಮುಂಚೆ ಬರಬೇಕು. ತುದಿಗಳನ್ನು ಮೆಲ್ಲಗೆ ಮೊಂಡಾಗಿಸುವ ಸಾಫ್ಟ್ ಕ್ಲಿಪ್ ಒಂದನ್ನು 3ರಿಂದ 6 ಡೆಸಿಬೆಲ್ ಡ್ರೈವ್‌ನೊಂದಿಗೆ ಆಸಿಲೇಟರ್ ಮಿಕ್ಸರ್ ಮತ್ತು ಫಿಲ್ಟರ್‌ಗಳ ನಡುವೆ ಇಡುತ್ತೇನೆ. ಡಿಟ್ಯೂನ್ ಆದ ಅಲೆಗಳು ಕೂಡಿಕೊಂಡ ಕ್ಷಣದಲ್ಲಿ ಅದು ಹೆಚ್ಚು ಒತ್ತುತ್ತದೆ, ಬೇರ್ಪಟ್ಟಾಗ ಸಡಿಲಿಸುತ್ತದೆ. ಬಣ್ಣ ತಾನೇ ಬದಲಾಗುತ್ತಿರುತ್ತದೆ. ಫಿಲ್ಟರ್ ಆದಮೇಲೆ ಇಟ್ಟರೆ ಫಿಲ್ಟರ್ ತೆಗೆದುಹಾಕಿದ ಮೇಲ್ಭಾಗವನ್ನೇ ಮತ್ತೆ ಹುಟ್ಟಿಸಿದ ಹಾಗಾಗುತ್ತದೆ. ಅದೂ ಒಂದು ಸದ್ದೇ, ಆದರೆ ಈ ಸದ್ದಲ್ಲ.

ಪಾಲಿಫೋನಿಕ್ (ಹಲವು ಸ್ವರ ಒಟ್ಟಿಗೆ ನುಡಿಯುವ) ಪ್ಯಾಚ್‌ನಲ್ಲಿ ಸ್ಯಾಚುರೇಶನ್ ಪ್ರತಿ ವಾಯ್ಸ್‌ನ ಒಳಗಿರಬೇಕು, ಎಲ್ಲವೂ ಕೂಡಿದ ಮೇಲೆ ಬರಬಾರದು. ಒಟ್ಟು ಕಾರ್ಡ್ ಅನ್ನು ಒಂದೇ ಕ್ಲಿಪ್ಪರ್‌ಗೆ ತಳ್ಳಿದರೆ ಸ್ವರಗಳ ನಡುವಿನ ವ್ಯತ್ಯಾಸದ ಆವೃತ್ತಿಗಳೂ ಹುಟ್ಟುತ್ತವೆ. ಮಧ್ಯದ ಸಿ 261.6 ಹರ್ಟ್ಸ್, ಅದರ ಮೇಲಿನ ಇ 329.6. ವ್ಯತ್ಯಾಸ 68 ಹರ್ಟ್ಸ್. ಎರಡು ಸ್ಥಾಯಿ ಕೆಳಗಿನ ಸಿ 65.4 ಆಗಿರುವುದರಿಂದ ಹೊಸದಾಗಿ ಹುಟ್ಟಿದ ಈ ಬೇಸ್ ಅದಕ್ಕಿಂತ ಅರ್ಧಸ್ವರದ ಮೂರನೇ ಎರಡು ಭಾಗದಷ್ಟು ಹೆಚ್ಚು. ಯಾರೂ ನುಡಿಸದ ಅಪಸ್ವರವೊಂದು ಕಾರ್ಡ್‌ನ ಅಡಿಯಲ್ಲಿ ಗುಂಯ್‌ಗುಡುತ್ತದೆ. ಪ್ಯಾಡ್ ಕೆಸರಾಯಿತು ಎಂದು ಲೋ-ಕಟ್ (ಕೆಳಗಿನ ಆವೃತ್ತಿಗಳನ್ನು ಕತ್ತರಿಸುವ ಫಿಲ್ಟರ್) ಹಾಕುವ ಮುನ್ನ ಕ್ಲಿಪ್ಪರ್ ಎಲ್ಲಿದೆ ನೋಡಿ.

ಫಿಲ್ಟರ್‌ನಲ್ಲಿ ಇಳಿಜಾರಿನಷ್ಟೇ ಮುಖ್ಯವಾದದ್ದು ರೆಸೊನೆನ್ಸ್ (ಕಟಾಫ್ ಬಳಿಯ ಆವೃತ್ತಿಯನ್ನು ಎತ್ತಿ ಕೊಡುವುದು) ಏರಿಸಿದಾಗ ಬೇಸ್‌ಗೆ ಏನಾಗುತ್ತದೆ ಎಂಬುದು. ಮೂಗ್‌ನ ಟ್ರಾನ್ಸಿಸ್ಟರ್ ಲ್ಯಾಡರ್ ನಾಲ್ಕು ಹಂತದ, ಆಕ್ಟೇವ್‌ಗೆ (ಒಂದು ಸ್ಥಾಯಿಗೆ) 24 ಡೆಸಿಬೆಲ್ ಇಳಿಯುವ ಫಿಲ್ಟರ್. ರೆಸೊನೆನ್ಸ್ ಎಂದರೆ ಔಟ್‌ಪುಟ್ ಅನ್ನು ತಿರುವುಮುರುವಾಗಿ ಇನ್‌ಪುಟ್‌ಗೆ ಮರಳಿಸುವುದು, ಆ ಮರಳಿಕೆ ಕೆಳಗಿನ ಆವೃತ್ತಿಗಳನ್ನು ಕಳೆಯುತ್ತದೆ. ತಾನೇ ಶಿಳ್ಳೆ ಹೊಡೆಯುವ ಮಟ್ಟಕ್ಕೆ ಬರುವಾಗ ಬೇಸ್ ಐದನೇ ಒಂದು ಭಾಗಕ್ಕೆ, ಅಂದರೆ ಸುಮಾರು 14 ಡೆಸಿಬೆಲ್ ಕುಸಿದಿರುತ್ತದೆ. ಬೇಸ್ ಪ್ಯಾಚ್‌ನಲ್ಲಿ ರೆಸೊನೆನ್ಸ್ ಅನ್ನು ಮೂರನೇ ಒಂದರೊಳಗೆ ಇಡುತ್ತೇನೆ. ಹೆಚ್ಚು ಬೇಕೆಂದರೆ ಒಂದು ಶುದ್ಧ ಸೈನ್ ಅಲೆಯನ್ನು ಫಿಲ್ಟರ್‌ಗೆ ಹೋಗದಂತೆ ತಪ್ಪಿಸಿ ನೇರ ಔಟ್‌ಪುಟ್‌ಗೆ ಕಳಿಸುತ್ತೇನೆ. ಓಬರ್‌ಹೈಮ್‌ನ ಎಸ್‌ಇಎಮ್ ಎಂಬ ಸಿಂಥ್‌ನಲ್ಲಿರುವ 12 ಡೆಸಿಬೆಲ್ ಫಿಲ್ಟರ್‌ನಲ್ಲಿ ಈ ಕುಸಿತದ ಕಾಟವಿಲ್ಲ. ಬ್ರಾಸ್‌ಗೂ ಕಾರ್ಡ್‌ಗೂ ಅದನ್ನೇ ಆರಿಸುತ್ತೇನೆ.

ಎನ್ವಲಪ್ ವಿಷಯ ಚಿಕ್ಕದು. ಅನಲಾಗ್‌ನಲ್ಲಿ ಅದು ಕೆಪಾಸಿಟರ್ ತುಂಬುವ, ಖಾಲಿಯಾಗುವ ವಕ್ರರೇಖೆ: ಡಿಕೇ (ಇಳಿಯುವ ಹಂತ) ಮೊದಲು ಧುಮುಕಿ ಆಮೇಲೆ ತೆವಳುತ್ತದೆ. ನೇರಗೆರೆಯ ಡಿಕೇ ಇದ್ದರೆ ಪ್ಲಕ್ (ತಂತಿ ಮೀಟಿದಂಥ) ಸದ್ದು ಎಂದಿಗೂ ಕೂಡಿಬರುವುದಿಲ್ಲ, ಕರ್ವ್ ಅನ್ನು ಎಕ್ಸ್‌ಪೊನೆನ್ಷಿಯಲ್‌ಗೆ ಬದಲಿಸಿ. ಮತ್ತೆ ಟ್ರಿಗರ್ ಆದಾಗ ಎನ್ವಲಪ್ ಸೊನ್ನೆಯಿಂದ ಶುರುವಾಗದೆ ಇದ್ದ ಮಟ್ಟದಿಂದಲೇ ಏರಲಿ.

ಜೂನೋ ಕೋರಸ್‌ಗೆ ಎರಡು ಡಿಲೇ ಸಾಲು (ಸದ್ದನ್ನು ತಡಮಾಡುವ ದಾರಿ) ಬೇಕು. ಸುಮಾರು 2ರಿಂದ 5 ಮಿಲಿಸೆಕೆಂಡ್ ನಡುವೆ, 0.5 ಹರ್ಟ್ಸ್‌ನ ತ್ರಿಕೋನ ಅಲೆಯಿಂದ ಓಡಾಡಬೇಕು. ಎಡದ್ದು ಉದ್ದವಾಗುವಾಗ ಬಲದ್ದು ಗಿಡ್ಡವಾಗಬೇಕು. ತ್ರಿಕೋನವೇ ಏಕೆಂದರೆ ಡಿಲೇ ಸಮವೇಗದಲ್ಲಿ ಬದಲಾದಾಗ ಡಿಟ್ಯೂನ್ ಸ್ಥಿರವಾಗಿರುತ್ತದೆ. ಸೈನ್ ಅಲೆ ಕೊಟ್ಟರೆ ಸ್ವರ ಓಲಾಡುತ್ತದೆ. ಮೂಲ ಯಂತ್ರದಲ್ಲಿ ಈ ಡಿಲೇ ಬಕೆಟ್ ಬ್ರಿಗೇಡ್ ಐಸಿಗಳದ್ದು (ಸದ್ದನ್ನು ಹಂತ ಹಂತವಾಗಿ ಮುಂದೆ ದಾಟಿಸುವ ಚಿಪ್‌ಗಳು). ಅವುಗಳ ಮೇಲ್ಭಾಗ ಮೊಂಡು, ಜೊತೆಗೆ ಸಣ್ಣ ಸುಯ್‌ಗುಟ್ಟುವಿಕೆ. ಕೋರಸ್ ಆದ ಭಾಗಕ್ಕಷ್ಟೇ 8ರಿಂದ 10 ಕಿಲೋಹರ್ಟ್ಸ್‌ನಲ್ಲಿ ಲೋ-ಪಾಸ್ ಇಡುತ್ತೇನೆ, ನೇರ ಸದ್ದಿಗೆ ಇಡುವುದಿಲ್ಲ. ಕೊನೆಗೆ ಮಾನೋದಲ್ಲಿ ಕೇಳಿ: ಮಧ್ಯಭಾಗ ಸೊರಗಿದರೆ ಕೋರಸ್ ಮಟ್ಟ ಇಳಿಸಬೇಕು.

ನಿಜವಾದ ಹಳೆಯ ಯಂತ್ರ ಕೈಗೆ ಬಂದರೆ ನುಡಿಸುವ ಆತುರ ಬೇಡ. ಹಿಂಬದಿಯಲ್ಲಿ ಬರೆದಿರುವ ವೋಲ್ಟೇಜ್ ಓದಬೇಕು. 100 ವೋಲ್ಟ್‌ಗೆ ಮಾಡಿದ ಯಂತ್ರವನ್ನು 230ಕ್ಕೆ ಚುಚ್ಚಿದರೆ ಪವರ್ ಸಪ್ಲೈ ಸುಡುತ್ತದೆ, ಸರಿಯಾದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಮೇಲೆ ಪ್ಲಗ್ ತೆಗೆದು ಮುಚ್ಚಳ ಬಿಚ್ಚಿ ಮೆಮೊರಿ ಬ್ಯಾಟರಿ ನೋಡುತ್ತೇನೆ. ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ ಸೋರಿದರೆ ಆ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಕೊರ್ಗ್ ಪಾಲಿಸಿಕ್ಸ್ ಇದಕ್ಕೇ ಕುಖ್ಯಾತ. ಲಿಥಿಯಮ್ ಬಿಲ್ಲೆಯಾದರೆ 3 ವೋಲ್ಟ್ ಇರಬೇಕು, 2.7ಕ್ಕಿಂತ ಇಳಿದಿದ್ದರೆ ಬದಲಿಸಬೇಕು. ತೆಗೆದ ಕೂಡಲೇ ಪ್ಯಾಚ್‌ಗಳೆಲ್ಲ ಅಳಿಸಿಹೋಗುವುದರಿಂದ ಮೊದಲು ಟೇಪ್ ಔಟ್‌ಪುಟ್‌ನಿಂದ ಪ್ಯಾಚ್‌ಗಳ ಡೇಟಾ ಸದ್ದನ್ನು ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ, ವೆರಿಫೈ ಸೌಲಭ್ಯದಿಂದ ಓದಿಸಿ ನೋಡುತ್ತೇನೆ. ಎಂಪಿ3 ಮಾಡಿದರೆ ಡೇಟಾ ಕೆಡಬಹುದು. ಹೊಸ ಬಿಲ್ಲೆಗೆ ನೇರ ಬೆಸುಗೆ ಹಾಕದೆ ಹೋಲ್ಡರ್ ಕೂರಿಸುವುದು ಲೇಸು.

ಸ್ಲೈಡರ್ ಕರಕರ ಎಂದರೆ ಫೇಡರ್‌ಗೆಂದೇ ಮಾಡಿದ ಕ್ಲೀನರ್ ಸಾಕು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಗಳು ಧೂಳನ್ನು ಹಿಡಿದು ಕೆಲವೇ ದಿನಗಳಲ್ಲಿ ಮೊದಲಿಗಿಂತ ಹಾಳು ಮಾಡುತ್ತವೆ. ಕೀಗಳ ಅಡಿಯ ಕಪ್ಪು ಕಾರ್ಬನ್ ರಬ್ಬರ್‌ಗೆ ಯಾವ ಸ್ಪ್ರೇಯೂ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಉಜ್ಜಿದರೆ ಕಾರ್ಬನ್ ಪದರವೇ ಕಿತ್ತುಬರುತ್ತದೆ.

ಶ್ರುತಿ ಮಾಡುವುದಕ್ಕೆ ತಾಳ್ಮೆ ಬೇಕು. ಆಕ್ಟೇವ್‌ಗೆ ಒಂದು ವೋಲ್ಟ್ ಎಂಬ ಲೆಕ್ಕದಲ್ಲಿ ಒಂದು ಅರ್ಧಸ್ವರ 83.3 ಮಿಲಿವೋಲ್ಟ್, ಒಂದು ಸೆಂಟ್ ಒಂದು ಮಿಲಿವೋಲ್ಟ್‌ಗೂ ಕಡಿಮೆ. ಆ ವೋಲ್ಟೇಜನ್ನು ಆವೃತ್ತಿಯಾಗಿಸುವ ಟ್ರಾನ್ಸಿಸ್ಟರ್ ಜೋಡಿ ಉಷ್ಣತೆಗೆ ಸ್ಪಂದಿಸುತ್ತದೆ. ಸರಿದೂಗಿಸುವ ರೆಸಿಸ್ಟರ್ ಇಲ್ಲದಿದ್ದರೆ ಒಂದು ಡಿಗ್ರಿಗೆ ಶೇ. 0.33ರಷ್ಟು, ಅಂದರೆ ಮೂರು ಸ್ಥಾಯಿ ಅಂತರದಲ್ಲಿ 12 ಸೆಂಟ್ ತಪ್ಪುತ್ತದೆ. ಆದ್ದರಿಂದ ಮುಚ್ಚಳ ಮುಚ್ಚಿಯೇ ಅರ್ಧ ಗಂಟೆ ಕಾಯಿಸಿ, ತೆರೆದ ಮೇಲೆ ಬೇಗ ಬೇಗ ಮುಗಿಸುತ್ತೇನೆ. ಎಲ್ಲಕ್ಕಿಂತ ಮೊದಲು ಮಲ್ಟಿಮೀಟರ್‌ನಿಂದ ಪವರ್ ಸಪ್ಲೈನ ವೋಲ್ಟೇಜ್‌ಗಳು ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟಿವೆಯೇ ನೋಡಬೇಕು. ಅದು ತಪ್ಪಿದ್ದರೆ ಮುಂದಿನ ಶ್ರಮವೆಲ್ಲ ದಂಡ. ಬಳಿಕ 110 ಹರ್ಟ್ಸ್‌ನ ಎ ಒತ್ತಿ ಟ್ಯೂನ್ ಸರಿಮಾಡಿ, 880ರ ಎ ಒತ್ತಿ ಎಷ್ಟು ಸೆಂಟ್ ತಪ್ಪಿದೆ ನೋಡಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಸ್ಕೇಲ್ ಟ್ರಿಮ್ಮರ್ (ಸ್ಥಾಯಿಗಳ ಅಂತರ ಹೊಂದಿಸುವ ಸಣ್ಣ ತಿರುಪು) ಅನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ. ಆಗ ಕೆಳಗಿನ ಎ ಜರುಗಿರುತ್ತದೆ, ಅದನ್ನು ಮತ್ತೆ ಸರಿಮಾಡಬೇಕು. ಹೀಗೆ ಎರಡೂ ಕೂಡುವವರೆಗೆ ಸುತ್ತು ಹಾಕುವುದು. ಕೊನೆಗೂ ತುತ್ತತುದಿಯ ಸ್ಥಾಯಿ ಮಾತ್ರ ಇಳಿದಿದ್ದರೆ ಸ್ಕೇಲ್ ಮುಟ್ಟಬೇಡಿ. ಸಾ-ಟೂತ್‌ನ ಕೆಪಾಸಿಟರ್ ಪ್ರತಿ ಸುತ್ತಿನಲ್ಲೂ ಖಾಲಿಯಾಗಲು ತೆಗೆದುಕೊಳ್ಳುವ ಸಮಯ ಅಲ್ಲಿ ಕಾಡುತ್ತಿರುತ್ತದೆ: ಅದು ಒಂದು ಮೈಕ್ರೋಸೆಕೆಂಡ್ ಎಂದಿಟ್ಟುಕೊಂಡರೆ 110 ಹರ್ಟ್ಸ್‌ನಲ್ಲಿ ಲೆಕ್ಕಕ್ಕಿಲ್ಲ, 2,000ದಲ್ಲಿ ಮೂರೂವರೆ ಸೆಂಟ್. ಅದಕ್ಕೆಂದೇ ಹೈ-ಫ್ರೀಕ್ವೆನ್ಸಿ ಟ್ರಿಮ್ಮರ್ ಇರುತ್ತದೆ.

ರೆಕಾರ್ಡ್ ಮಾಡುವಾಗ ಹಮ್ (ಒಂದೇ ಸಮನೆ ಗುಂಯ್‌ಗುಡುವಿಕೆ) ಕೇಳಿದರೆ ಸ್ಪೆಕ್ಟ್ರಮ್‌ನಲ್ಲಿ ಅದರ ಆವೃತ್ತಿ ನೋಡಿ. 50 ಹರ್ಟ್ಸ್ ಮೈನ್ಸ್ ಇರುವಲ್ಲಿ ಗೆರೆ 50ರಲ್ಲಿ ಜೋರಾಗಿದ್ದರೆ ಮೊದಲ ಅನುಮಾನ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿ ಆದ ಸುತ್ತು) ಮೇಲೆ. ಡಿಐ ಬಾಕ್ಸ್‌ನ (ಸಿಂಥ್ ಮತ್ತು ರೆಕಾರ್ಡರ್ ನಡುವಿನ ಜೋಡಣೆ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಪವರ್ ಕೇಬಲ್‌ನ ಅರ್ತ್ ಅನ್ನು ಮಾತ್ರ ಎಂದೂ ಕೀಳಬೇಡಿ. 100ರಲ್ಲಿ ಜೋರಾಗಿದ್ದರೆ ರೆಕ್ಟಿಫೈಯರ್‌ನ ರಿಪಲ್ (ಎಸಿಯನ್ನು ಡಿಸಿ ಮಾಡಿದಾಗ ಉಳಿಯುವ ಅಲೆ), ಅಂದರೆ ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರಬಹುದು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ ಹೊಸದನ್ನು ಧ್ರುವ ನೋಡಿ ಹಾಕಬೇಕು. ಉಳಿದ ಬೋರ್ಡುಗಳ ಕೆಪಾಸಿಟರ್‌ಗಳನ್ನು ಕೆಟ್ಟಿರುವುದು ಖಚಿತವಾಗದೆ ನಾನು ಮುಟ್ಟುವುದಿಲ್ಲ. ಸುಮ್ಮನೆ ಎಲ್ಲವನ್ನೂ ಬದಲಿಸುವ ಭರದಲ್ಲಿ ಹಳೆಯ ಬೋರ್ಡಿನ ತಾಮ್ರದ ಪ್ಯಾಡ್‌ಗಳು ಎದ್ದುಬರುತ್ತವೆ.