ಕಮಿಟ್ ಮೆಸೇಜ್ ತಪ್ಪಾಯಿತಾ? ಪುಶ್ ಮಾಡುವ ಮೊದಲೇ ತಿದ್ದಿ

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿದ (ಬದಲಾವಣೆಗಳನ್ನು ಒಂದು ಮೆಸೇಜಿನೊಂದಿಗೆ ದಾಖಲಿಸಿದ) ಮರುಕ್ಷಣವೇ ಮೆಸೇಜಿನ ತಪ್ಪು ಕಣ್ಣಿಗೆ ಬೀಳುತ್ತದೆ, ಅಲ್ವಾ? ಅದು ಕೊನೆಯ ಕಮಿಟ್ ಆಗಿದ್ದರೆ ‘ಗಿಟ್ ಕಮಿಟ್ --ಅಮೆಂಡ್’ ಸಾಕು. ಎಡಿಟರ್ ತೆರೆಯುತ್ತದೆ, ತಿದ್ದಿ ಸೇವ್ ಮಾಡಿ. ಆದರೆ ಆಗಲೇ ಸ್ಟೇಜ್ ಮಾಡಿಟ್ಟ (ಮುಂದಿನ ಕಮಿಟ್‌ಗೆಂದು ಆರಿಸಿಟ್ಟ) ಬದಲಾವಣೆಗಳಿದ್ದರೆ ಅವೂ ಅದೇ ಕಮಿಟ್‌ಗೆ ಸೇರಿಬಿಡುತ್ತವೆ. ಹೀಗೆ ಅರ್ಧ ಬರೆದ ಕೋಡನ್ನು ಸೇರಿಸಿ ನಾನೇ ಪೇಚಿಗೆ ಸಿಕ್ಕಿದ್ದೇನೆ. ಅಂಥವು ಇವೆಯೇ ಎಂದು ಮೊದಲು ‘ಗಿಟ್ ಸ್ಟೇಟಸ್’ನಲ್ಲಿ ನೋಡಿ.

ಹಳೆಯ ಕಮಿಟ್ ಆದರೆ ‘ಗಿಟ್ ರೀಬೇಸ್ -ಐ ಹೆಡ್~3’ ಕೊಡಿ. ಕೊನೆಯ 3 ಕಮಿಟ್‌ಗಳ ಪಟ್ಟಿ ಬರುತ್ತದೆ, ಹಳೆಯದು ಮೇಲೆ. ಬೇಕಾದ ಸಾಲಿನಲ್ಲಿ ‘ಪಿಕ್’ (ಇದ್ದಂತೆ ಇರಲಿ) ತೆಗೆದು ‘ರೀವರ್ಡ್’ (ಮೆಸೇಜ್ ಬದಲಿಸು) ಹಾಕಿ. ಮೆಸೇಜನ್ನು ಅಲ್ಲೇ ತಿದ್ದಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಸೇವ್ ಮಾಡಿ ಮುಚ್ಚಿದ ಮೇಲೆ ಗಿಟ್ ತಾನೇ ಇನ್ನೊಮ್ಮೆ ಎಡಿಟರ್ ತೆರೆಯುತ್ತದೆ, ಅಲ್ಲಿ ತಿದ್ದಿ.

ಮೆಸೇಜ್ ಬದಲಾದರೆ ಕಮಿಟ್‌ನ ಹ್ಯಾಶ್ (ಅದರ ಗುರುತಿನ ಸಂಕೇತ) ಕೂಡ ಬದಲಾಗುತ್ತದೆ, ಅದರ ನಂತರದ ಕಮಿಟ್‌ಗಳದ್ದೂ. ಹಾಗಾಗಿ ಆಗಲೇ ಪುಶ್ ಆಗಿದ್ದರೆ, ಅಂದರೆ ಸರ್ವರ್‌ಗೆ ಕಳಿಸಿಯಾಗಿದ್ದರೆ, ಫೋರ್ಸ್ ಪುಶ್ (ಅಲ್ಲಿರುವುದನ್ನು ಬಲವಂತವಾಗಿ ಬದಲಿಸುವುದು) ಬೇಕಾಗುತ್ತದೆ. ಬೇರೆಯವರೂ ಬಳಸುವ ಬ್ರಾಂಚ್ (ಕೋಡಿನ ಕವಲು) ಆದರೆ ಸುಮ್ನೆ ಬಿಟ್ಟುಬಿಡಿ, ಒಂದು ಅಕ್ಷರದ ತಪ್ಪಿಗೆ ಅಷ್ಟು ರಗಳೆ ಬೇಡ. ನಿಮ್ಮೊಬ್ಬರದೇ ಆದರೆ ಪುಶ್ ಜೊತೆ ‘--ಫೋರ್ಸ್-ವಿತ್-ಲೀಸ್’ ಬಳಸಿ. ಏನಾದರೂ ಎಡವಟ್ಟಾದರೆ ‘ಗಿಟ್ ರೆಫ್‌ಲಾಗ್’ನಲ್ಲಿ (ನಿಮ್ಮ ಕಂಪ್ಯೂಟರಿನಲ್ಲಿ ಗಿಟ್ ಇಟ್ಟ ಹೆಜ್ಜೆಗಳ ದಾಖಲೆ) ಹಳೆಯ ಹ್ಯಾಶ್ ಸಿಗುತ್ತದೆ.