ಆಲ್ಬಮ್ಮಿಗೆ ಫೋಟೊ ತೆಗೆಯುವವರು ಮೊದಲು ಬೆಳಕು ನೋಡಲಿ

ಮೊಮ್ಮಗಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ದಾವಣಗೆರೆಯ ನಮ್ಮ ಮನೆಯಲ್ಲಿ ಸೇರಿದ್ದ ಹುಡುಗರೆಲ್ಲ ಮೊಬೈಲಿನಲ್ಲಿ ನಾನೂರಕ್ಕೂ ಹೆಚ್ಚು ಫೋಟೊ ತೆಗೆದರು. ಆಲ್ಬಮ್ಮಿಗೆ ಅಂಟಿಸಲೆಂದು ನಾನು ಆರಿಸಲು ಕುಳಿತಾಗ ಹತ್ತು ಸಹ ಸಿಗಲಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತವರ ಮುಖಗಳು ಕಪ್ಪಿಟ್ಟಿದ್ದವು, ಫ್ಲ್ಯಾಶ್ ಹಾಕಿದ ಕಡೆ ಹಣೆಗಳು ಎಣ್ಣೆ ಸವರಿದಂತೆ ಮಿಂಚುತ್ತಿದ್ದವು. ‘ಅಜ್ಜಿ, ಆಮೇಲೆ ಮೊಬೈಲಿನಲ್ಲೇ ಬೆಳಕು ಹೆಚ್ಚಿಸಬಹುದು’ ಎಂದು ಮೊಮ್ಮಗ ಸಮಾಧಾನ ಹೇಳಿದ. ಕತ್ತಲಲ್ಲಿ ತೆಗೆದ ಮುಖವನ್ನು ಹಾಗೆ ಬೆಳಗಿಸಿದರೆ ಕೆನ್ನೆಯ ಮೇಲೆಲ್ಲ ಅಕ್ಕಿನುಚ್ಚು ಚೆಲ್ಲಿದಂತೆ ಕಾಣುತ್ತದೆ, ಕಾಗದಕ್ಕಿಳಿಸಿದ ಮೇಲಂತೂ ಅದು ಇನ್ನಷ್ಟು ಎದ್ದು ತೋರುತ್ತದೆ. ಬೆಳಕನ್ನು ತೆಗೆಯುವಾಗಲೇ ನೋಡಿಕೊಳ್ಳಬೇಕು.

ನಮ್ಮ ಬಯಲುಸೀಮೆಯ ಮಧ್ಯಾಹ್ನದ ಬಿಸಿಲು ಫೋಟೊಕ್ಕೆ ಆಗುವುದಿಲ್ಲ. ಚಿತ್ರದುರ್ಗದ ಕೋಟೆಗೆ ಹೋದವರು ಹನ್ನೆರಡು ಗಂಟೆಗೆ ಬರಿ ಬಂಡೆಯ ಮೇಲೆ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರಗಳನ್ನು ನೋಡಿ. ಎಲ್ಲರ ಕಣ್ಣುಗಳೂ ಹುಬ್ಬಿನ ನೆರಳಿನಲ್ಲಿ ಮುಚ್ಚಿಹೋಗಿರುತ್ತವೆ. ಏಳು ಸುತ್ತಿನ ಕೋಟೆಯಲ್ಲಿ ನೆರಳಿರುವ ಬಾಗಿಲುಗಳಿಗೆ ಬರವೇ? ಒಂದು ಬಾಗಿಲಿನ ಒಳಗೆ ನಿಂತು ಬಯಲಿನ ಕಡೆಗೆ ಮುಖ ಮಾಡಿದರೆ ಸಾಕಾಗಿತ್ತು.

ಮನೆಯಲ್ಲಾದರೆ ತಲೆಬಾಗಿಲಿಗಿಂತ ಒಳ್ಳೆಯ ಜಾಗವಿಲ್ಲ, ಆದರೆ ಹೊಸ್ತಿಲ ಮೇಲೆ ನೇರ ಬಿಸಿಲು ಬೀಳದ ಹೊತ್ತನ್ನು ಆರಿಸಿಕೊಳ್ಳಬೇಕು. ಮೂಡಣ ಬಾಗಿಲಾದರೆ ಸಂಜೆ, ಪಡುವಣ ಬಾಗಿಲಾದರೆ ಬೆಳಗ್ಗೆ ಸರಿಹೋಗುತ್ತದೆ. ಹೊಸ್ತಿಲಿನಿಂದ ಎರಡು ಮೊಳ ಒಳಗೆ ಮಣೆ ಹಾಕಿ, ಹಿರಿಯರನ್ನು ಅಂಗಳದ ಕಡೆಗೆ ಮುಖ ಮಾಡಿ ಕೂರಿಸಿ, ಹೆಗಲನ್ನು ಸ್ವಲ್ಪ ಓರೆಯಾಗಿಸಲು ಹೇಳಿ. ಪಡಸಾಲೆಯ ಟ್ಯೂಬ್‌ಲೈಟನ್ನು ಮರೆಯದೆ ಆರಿಸಬೇಕು, ಏಕೆಂದರೆ ಹಗಲಿನ ಬೆಳಕಿಗೆ ಅದು ಬೆರೆತರೆ ಚರ್ಮದ ಬಣ್ಣ ಕೆಡುತ್ತದೆ. ಇನ್ನು ಯಾರೂ ಮಾಡದ, ನಾನು ಎಂದೂ ಬಿಡದ ಕೆಲಸವೊಂದಿದೆ. ಒಗೆದ ಬಿಳಿ ಪಂಚೆಯೊಂದನ್ನು ಎರಡು ಮಡಿಕೆ ಮಾಡಿ, ಕುಳಿತವರ ಮೊಣಕಾಲಿನಿಂದ ಹೊಸ್ತಿಲಿನವರೆಗೆ ನೆಲದ ಮೇಲೆ ಹಾಸಿ. ಬಾಗಿಲಿನಿಂದ ಬಂದ ಬೆಳಕು ಪಂಚೆಗೆ ಬಡಿದು ಮೇಲೇಳುತ್ತದೆ, ಗಲ್ಲದ ಕೆಳಗಿನ ಕಪ್ಪೂ ಕಣ್ಣುಗುಳಿಯ ನೆರಳೂ ತಿಳಿಯಾಗುತ್ತವೆ. ಕೆಂಪು ಜಮಖಾನೆ ಹಾಸಿದರೆ ಗಲ್ಲವೂ ಕೆಂಪಾಗುತ್ತದೆ, ನೀಲಿ ಹೆಚ್ಚಾದ ಪಂಚೆ ಹಾಸಿದರೆ ಮುಖವೂ ಬಾಡಿದಂತೆ ಕಾಣುತ್ತದೆ. ನೀಲಿ ಹಾಕುವುದು ಕೂಡ ಈಗಿನವರಿಗೆ ತಿಳಿಯದು. ಬಟ್ಟೆಯ ಮೇಲೇ ಸುರಿದು ಕಲೆ ಮಾಡುತ್ತಾರೆ. ಕೊನೆಯ ನೀರಿಗೆ ನಾಲ್ಕು ಹನಿ ಬೆರೆಸಿ, ಚೆನ್ನಾಗಿ ಕಲಕಿದ ಮೇಲೆ ಪಂಚೆಯನ್ನು ಅದ್ದಿ, ಕೂಡಲೇ ತೆಗೆದು ಹಿಂಡಬೇಕು.

ಫೋಟೊ ತೆಗೆಯುವವರು ಬಾಗಿಲಿಗೆ ಅಡ್ಡ ನಿಲ್ಲದೆ ಕಟ್ಟೆಯ ಒಂದು ಪಕ್ಕಕ್ಕೆ ಕುಳಿತು, ಮೊಬೈಲನ್ನು ಕುಳಿತವರ ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಆಮೇಲೆ ಅವರ ಕಣ್ಣುಗುಡ್ಡೆಯನ್ನೇ ನೋಡಿ. ಅದರಲ್ಲಿ ಬಾಗಿಲಿನ ಆಕಾರದ ಪುಟ್ಟ ಬಿಳಿ ಹೊಳಪು ಕಂಡರೆ ಒತ್ತಿ. ಕಾಣದಿದ್ದರೆ ಅವರ ಗಲ್ಲವನ್ನು ಒಂದು ಬೆರಳಿನಷ್ಟು ಬಾಗಿಲ ಕಡೆಗೆ ತಿರುಗಿಸಿ.

ಇದನ್ನು ನಾನು ಕಲಿತದ್ದು ಮದುವೆಯಾದ ಹೊಸದರಲ್ಲಿ. ಮಾವನವರು ಹತ್ತಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಬೋನಸ್ ಬಂದ ವರ್ಷ ಅತ್ತೆಯವರನ್ನು ಸ್ಟುಡಿಯೊಕ್ಕೆ ಕರೆದೊಯ್ದಾಗ, ಸ್ಟುಡಿಯೊದವರು ಬಿಳಿ ಬಟ್ಟೆ ಸುತ್ತಿದ ಹಲಗೆಯೊಂದನ್ನು ಅವರ ತೊಡೆಯ ಮೇಲೆ, ಚಿತ್ರದಲ್ಲಿ ಬೀಳದಂತೆ ಇಟ್ಟರು. ಹನ್ನೆರಡೇ ಚಿತ್ರ ಬರುವ ರೀಲಿನಲ್ಲಿ ಒಂದನ್ನೂ ಹಾಳು ಮಾಡುವಂತಿರಲಿಲ್ಲವಾದ್ದರಿಂದ ಆ ಹಲಗೆಯನ್ನು ಮೂರು ಬಾರಿ ಸರಿಸಿ ನೋಡಿದರು. ತಲೆಯ ಮೇಲೆ ಸೆರಗು ಹೊದ್ದ ಅತ್ತೆಯವರ ಹಣೆಯ ವಿಭೂತಿಯ ಮೂರು ಗೆರೆಗಳೂ ಇಳಕಲ್ ಸೀರೆಯ ಅಂಚೂ ಆ ಚಿತ್ರದಲ್ಲಿ ಇಂದಿಗೂ ಸ್ಪಷ್ಟವಾಗಿವೆ.

ಮುಖಗಳಷ್ಟೇ ತುಂಬಿದ ಆಲ್ಬಮ್ಮು ಬೇಗ ಸಪ್ಪೆಯಾಗುತ್ತದೆ. ಹೋಳಿಗೆ ತಟ್ಟುವ ಕೈ, ತೊಟ್ಟಿಲಿನ ಹಗ್ಗ ಹಿಡಿದ ಸೋದರತ್ತೆಯ ಬಳೆಗಳು, ಇಂಥವನ್ನೂ ಹತ್ತಿರದಿಂದ ಒಂದೆರಡು ತೆಗೆಯಿರಿ. ಗುಂಪಿನ ಚಿತ್ರದಲ್ಲಿ ತಲೆಗಳ ಮೇಲೆ ಧಾರಾಳವಾಗಿ ಜಾಗ ಬಿಡಬೇಕು. ಮೊಬೈಲಿನ ಚೌಕಟ್ಟಿಗೂ 4×6 ಅಂಗುಲದ ಕಾಗದಕ್ಕೂ ಅಳತೆ ಹೊಂದುವುದಿಲ್ಲವಾದ್ದರಿಂದ ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಿಹೋಗುತ್ತದೆ. ನಮ್ಮ ನೆಗೆಣ್ಣಿಯ ಅಂಬಾಡೆ (ತುರುಬಿನ) ಹೂವು ಹೋದದ್ದು ಹಾಗೆಯೇ. ವಾಟ್ಸಾಪಿನಲ್ಲಿ ಕಳುಹಿಸಿದ ಫೋಟೊವನ್ನು ಪ್ರಿಂಟಿಗೆ ಕೊಡಬೇಡಿ, ಅದು ಕುಗ್ಗಿರುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳುಹಿಸಿ.

ಅಂಟಿಸಲು ಮೈದಾ ಗೋಂದು ಬಳಸಿದರೆ ಹುಳಗಳನ್ನು ಊಟಕ್ಕೆ ಕರೆದಂತೆ. ಅಂಟಿನ ಹಾಳೆಯ ಆಲ್ಬಮ್ಮು ಸುಲಭವೆಂದು ಕೊಳ್ಳುತ್ತಾರೆ, ಕೆಲವು ವರ್ಷಗಳಲ್ಲಿ ಅದು ಹಳದಿಗಟ್ಟಿ ಚಿತ್ರವನ್ನು ಕಚ್ಚಿಕೊಳ್ಳುತ್ತದೆ. ನಾಲ್ಕು ಮೂಲೆಗೆ ಕಾಗದದ ಪುಟ್ಟ ಕಿಸೆ ಮಾಡಿ ಸಿಕ್ಕಿಸುವುದೇ ಸರಿ.

ಸಿಕ್ಕಿಸುವ ಮುನ್ನ ಚಿತ್ರದ ಬೆನ್ನಿಗೆ, ಅಂಚಿನ ಬಳಿ, ಮೆತ್ತನೆಯ ಪೆನ್ಸಿಲ್ಲಿನಿಂದ ಒತ್ತದೆ ಎಲ್ಲರ ಹೆಸರು, ಊರು, ತಾರೀಖು ಬರೆಯಿರಿ. ಬಾಲ್ ಪೆನ್ನಿನ ಗೆರೆ ಮುಂಬದಿಗೆ ಉಬ್ಬಿ ಕಾಣುತ್ತದೆ. ನಮ್ಮ ಟ್ರಂಕಿನಲ್ಲಿರುವ ಒಂದು ಗುಂಪಿನ ಚಿತ್ರಕ್ಕೆ ತಾರೀಖೇ ಇಲ್ಲ. ಹಿಂದೆ ಇರುವ ಸ್ಟುಡಿಯೊದ ಮುದ್ರೆಯಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಚಿತ್ರ ಅದಕ್ಕೂ ಹಿಂದಿನದೆಂದು ಊಹಿಸಿದ್ದೇವೆ. ಆದರೆ ಎಡಗಡೆಯ ಕೊನೆಯಲ್ಲಿ, ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತ ಹೆಣ್ಣುಮಗಳು ಯಾರೆಂದು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.