ಅಯೋವಾಗೆ ಬರುವ ನಮ್ಮ ಬಯಲುಸೀಮೆಯವರಿಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದವರು ಮೊದಲ ತಿಂಗಳು ಹೇಳುವ ಮಾತು ಒಂದೇ. "ಇಲ್ಲೇನಿದೆ? ಬರೀ ಮುಸುಕಿನ ಜೋಳ." ಆಮೇಲೆ ರಜೆ ಸಿಕ್ಕಿದರೆ ನ್ಯೂಯಾರ್ಕ್, ಇಲ್ಲವೇ ಕ್ಯಾಲಿಫೋರ್ನಿಯಾ. ವರ್ಷಗಟ್ಟಲೆ ಇದ್ದರೂ ಪಕ್ಕದ ಹಳ್ಳಿಯ ಹೆಸರು ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಕೆರೆ, ಹೊಲ, ಮಳೆ ಅಂತಲೇ ಬೆಳೆದ ನಮಗೆ ಈ ಸೀಮೆ ಬೇಗ ಅರ್ಥವಾಗಬೇಕು, ಅಲ್ವಾ?

ಸೋಷಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಬಂದ ತಕ್ಷಣ ಮುಗಿಸಿಕೊಳ್ಳಿ. ಸುಂಟರಗಾಳಿಯ ಸೈರನ್ ಕೂಗಿದರೆ ನೆಲಮಾಳಿಗೆಗೆ ಇಳಿಯಿರಿ, ವಿಡಿಯೋ ಮಾಡಲು ಹೊರಗೆ ನಿಲ್ಲಬೇಡಿ.

ಲೈಸೆನ್ಸ್ ಕೈಗೆ ಬಂದ ಮೇಲೆ ಹೆದ್ದಾರಿ ಬಿಟ್ಟು ಹೊಲಗಳ ನಡುವೆ ಹೋಗಿ. ಹೆಚ್ಚುಕಡಿಮೆ ಮೈಲಿಗೊಂದು ರಸ್ತೆ, ಗೆರೆ ಎಳೆದಷ್ಟು ನೇರ. 1785ರ ಭೂ ಕಾನೂನು ಈ ನಾಡನ್ನು ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ ಚೌಕಗಳಾಗಿ ಅಳೆಸಲು ದಾರಿ ಮಾಡಿತು. ಆದರೆ ಅಳೆದಾಗ ನೆಲ ಖಾಲಿ ಇರಲಿಲ್ಲ. ಇಲ್ಲಿನ ಮೂಲ ಜನರನ್ನು ಒಪ್ಪಂದಗಳ ಹೆಸರಿನಲ್ಲಿ ಆಚೆ ಕಳಿಸಿದರು. ಅವರಲ್ಲಿ ಮೆಸ್ಕ್ವಾಕಿ ಜನ 1857ರಲ್ಲಿ ಟಾಮಾ ಕೌಂಟಿಯಲ್ಲಿ 80 ಎಕರೆಯನ್ನು ದುಡ್ಡು ಕೊಟ್ಟು ವಾಪಸ್ ಕೊಂಡರು. ಇವತ್ತಿಗೂ ಅಲ್ಲೇ ಇದ್ದಾರೆ. ಆಗಸ್ಟ್‌ನಲ್ಲಿ ಅವರ ಪೌವೌ ಹಬ್ಬ ನಡೆಯುತ್ತದೆ, ಹೊರಗಿನವರೂ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ತಾವಿರುವ ನೆಲ ಯಾರದಾಗಿತ್ತು ಅನ್ನುವುದು ಅವರಿಗೆ ಗೊತ್ತಿರಬೇಕು.

ಇಲ್ಲಿನ ಕಪ್ಪು ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಆದ ಮಣ್ಣು ಅದು. ಆ ಹುಲ್ಲುಗಾವಲಿನಲ್ಲಿ ಈಗ ಶೇ 0.1ರಷ್ಟೂ ಉಳಿದಿಲ್ಲ. ಉತ್ತರ ಅಯೋವಾದ ಹೊಲಗಳ ಅಡಿಯಲ್ಲಿ ಕೊಳವೆಗಳಿವೆ. ನೀರು ಹಾಯಿಸಲು ಅಲ್ಲ, ಜಾಸ್ತಿಯಾದ ನೀರನ್ನು ಹೊರಗೆ ಹಾಕಲು! ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ಕಂಡ ಕೋಲಾರದವರಿಗೆ ಇದನ್ನು ನಂಬುವುದೇ ಕಷ್ಟ. ಆದರೆ ಆ ನೀರಿನ ಜೊತೆ ಗೊಬ್ಬರದ ನೈಟ್ರೇಟ್ ಕೂಡ ನದಿ ಸೇರುತ್ತದೆ. ಡಿ ಮಾಯ್ನ್ ನಗರ ಕುಡಿಯುವ ನೀರಿನಿಂದ ಅದನ್ನು ತೆಗೆಯಲೆಂದೇ ಬೇರೆ ಘಟಕ ಕಟ್ಟಿಕೊಂಡಿದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದಾಗ ನಮ್ಮೂರಲ್ಲಿ ಎದ್ದ ಜಗಳ ನೆನಪಿದೆಯಲ್ಲ? ಇಲ್ಲಿನ ರೈತರೂ ಪಟ್ಟಣದವರೂ ನೀರಿನ ಬಗ್ಗೆ ವಾದ ಮಾಡುವಾಗ ಸುಮ್ನೆ ಕೂತು ಕೇಳಿ, ಅರ್ಧ ನಮ್ಮದೇ ಮಾತು.

ಡಿ ಮಾಯ್ನ್‌ಗೆ ಹೋದಾಗ ವಿಶ್ವ ಆಹಾರ ಪ್ರಶಸ್ತಿಯ ಕಟ್ಟಡ ನೋಡಿ. ಅಯೋವಾದ ಹೊಲದಲ್ಲಿ ಹುಟ್ಟಿ ಬೆಳೆದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಶುರು ಮಾಡಿದ ಪ್ರಶಸ್ತಿ. 1987ರಲ್ಲಿ ಮೊದಲನೆಯದು ಬಂದದ್ದು ನಮ್ಮ ಹಸಿರು ಕ್ರಾಂತಿಯ ಎಂ.ಎಸ್. ಸ್ವಾಮಿನಾಥನ್ ಅವರಿಗೆ. 1989ರಲ್ಲಿ ಕ್ಷೀರ ಕ್ರಾಂತಿಯ ವರ್ಗೀಸ್ ಕುರಿಯನ್ ಅವರಿಗೆ. ಬೆಳಿಗ್ಗೆ ಎದ್ದು ಡೈರಿಗೆ ಹಾಲು ಹಾಕುವ ಮನೆಯಿಂದ ಬಂದವರು ಆ ಹೆಸರಿನ ಮುಂದೆ ಒಂದು ನಿಮಿಷ ನಿಲ್ಲದೆ ಹೋಗಲಾರರು. ಕುರಿಯನ್ ಓದಿದ್ದೂ ಈ ಸೀಮೆಯಲ್ಲೇ, ಮಿಷಿಗನ್‌ನಲ್ಲಿ.

ಆಗಸ್ಟ್‌ನ ಸ್ಟೇಟ್ ಫೇರ್, ಅಂದರೆ ರಾಜ್ಯದ ದೊಡ್ಡ ಜಾತ್ರೆ, ತಪ್ಪಿಸಬೇಡಿ. ಬೆಣ್ಣೆಯಲ್ಲಿ ಮಾಡಿದ ಹಸುವಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಕೊಟ್ಟಿಗೆಗಳ ಕಡೆ ಹೋಗಿ. ಶಾಲೆಯ ಮಕ್ಕಳು ತಾವೇ ಸಾಕಿದ ಕರುವಿನ ಮೈ ತೊಳೆದು, ಬಾಚಿ ನಿಲ್ಲಿಸಿರುತ್ತಾರೆ. ಸಿದ್ಧಗಂಗೆಯ ದನಗಳ ಜಾತ್ರೆ ಕಂಡವರಿಗೆ ಅಲ್ಲಿ ಪರಿಚಯ ಮಾಡಿಸುವವರು ಬೇಕಿಲ್ಲ. ಕರುವಿನ ಬಗ್ಗೆ ಕೇಳಿದರೆ ಸಾಕು, ಮಾತು ಬೆಳೆಯುತ್ತದೆ. ಇಲ್ಲಿ ನನಗೆ ಸಿಕ್ಕ ಒಳ್ಳೆಯ ಸ್ನೇಹಗಳು ಹಾಗೇ ಶುರುವಾದದ್ದು.

ಮಕ್ಕಳು ತಮ್ಮ ಊರು ಏಮ್ಸ್, ಅಂದರೆ ಇಲ್ಲಿನ ಪಟ್ಟಣ, ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಕರುಳು ಚುರುಕ್ ಅನ್ನುತ್ತದೆ. ತಿದ್ದಲು ಹೋಗಬೇಡಿ, ಅವರು ಹೇಳುವುದು ನಿಜ. ಆದರೆ ಕೆಲವನ್ನು ಇಲ್ಲಿ ಕೊಡಲು ಆಗುವುದಿಲ್ಲ. ಹಿತ್ತಲಲ್ಲಿ ಅವರೆ ಹಾಕಿದರೆ ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಹಗಲು ಕಡಿಮೆಯಾಗದೆ ಅದು ಹೂ ಬಿಡುವುದಿಲ್ಲ, ಕಾಯಿ ಬಲಿಯುವ ಮೊದಲೇ ಹಿಮ ಬಿದ್ದು ಸುಟ್ಟುಹೋಗುತ್ತದೆ. ಫ್ರೀಜರ್‌ನ ಕಾಳಿಗೆ ಆ ಸೊಗಡು ಎಲ್ಲಿಂದ ಬರಬೇಕು? ಅದಕ್ಕೇ ಊರಿಗೆ ಹೋಗುವುದನ್ನು ಬೇಸಿಗೆ ರಜೆಗೇ ಇಟ್ಟುಕೊಳ್ಳಬೇಡಿ. ಒಂದು ವರ್ಷವಾದರೂ ಜನವರಿಯಲ್ಲಿ ಕರೆದುಕೊಂಡು ಹೋಗಿ, ಅಜ್ಜಿಯ ಜೊತೆ ಕೂತು ಅವರೆಕಾಳು ಹಿತುಕಲಿ. ಶಾಲೆಯವರನ್ನು ಮೊದಲೇ ಕೇಳಿಕೊಳ್ಳಿ.